ಕೆಂಚನಿಗೆ ತಮಟೆ ಪಾಠ

ನಮ್ಮ ಸೋದರಮಾವ ಕ್ಯಾತನಹಳ್ಳಿಯ ಆ ತುದಿಯಲ್ಲಿ ಬಾಯಿ ತೆರೆದರೆ ಈ ತುದಿಯವರು ಟಿ.ವಿ. ಸದ್ದು ಏರಿಸುತ್ತಾರೆ. ಇಂಥ ಮನುಷ್ಯ ಪಿಸುಗುಟ್ಟುವುದು ಒಬ್ಬನ ಜೊತೆ ಮಾತ್ರ. ಆ ಒಬ್ಬ, ನಾಯಿ!

ಹೆಸರು ಕೆಂಚ. ಕಬ್ಬಿನ ಗದ್ದೆಗೆ ಹಂದಿ ನುಗ್ಗಿದರೆ ಅಟ್ಟಿಸಿಕೊಂಡು ಹೋಗುವ ಶೂರ. ಆದರೆ ಆ ಹಂದಿಗೆಂದು ಯಾರಾದರೂ ಪಟಾಕಿ ಹೊಡೆದರೆ ಹಂದಿಗಿಂತ ಮೊದಲು ಓಡುವವನೂ ಇವನೇ. ಓಡಿಬಂದು ಮಾವನ ಮಂಚದ ಕೆಳಗೆ ಸೇರಿ, ಜೊಲ್ಲು ಸುರಿಸುತ್ತ ನಡುಗುತ್ತಾನೆ. ಆಗ ಮಾವ ಏನು ಮಾಡುತ್ತಾರೆ? ಪಂಚೆ ಎತ್ತಿ ಕಟ್ಟಿ ತಾವೂ ಮಂಚದ ಕೆಳಗೆ ತೂರುತ್ತಾರೆ.

"ಈಚೆಗ್ ಎಳ್ದಾಕಿ ಮಾವ" ಎಂದೆ ಒಮ್ಮೆ.

"ಎದ್ರುಕಂಡಿರೋನ್ನ ಎಳೀಬಾರ್ದು ಕಣ್ಲಾ" ಎಂದು ಮಂಚದಡಿಯಿಂದ ಉತ್ತರ ಬಂತು. "ಸುಮ್ಕೆ ಪಕ್ಕದಲ್ಲಿರ್ಬೇಕು. ನೀನೂ ಬಾ, ಜಾಗ ಅದೆ."

ಜಾಗ ಇರಲಿಲ್ಲ. ಮಾವನ ಹೊಟ್ಟೆಯನ್ನು ನಾನು ನೋಡಿದ್ದೇನೆ.

ಈ ವರ್ಷ ಮಾವನ ಒಬ್ಬಳೇ ಮಗಳಿಗೆ ನಾಗಮಂಗಲದ ಗಂಡು ಗೊತ್ತಾಯಿತು. ಕೆಂಚನನ್ನು ಮರಿಯಿಂದ ಸಾಕಿದವಳು ಅವಳೇ. ಒಡವೆ, ಸೀರೆ ಯಾವುದಕ್ಕೂ ಬಾಯಿಬಿಡದವಳು ಕೇಳಿದ್ದು ಒಂದೇ.

"ಅಪ್ಪಾ, ನಾನ್ ಗಂಡನ್ ಮನೆಗ್ ಒಂಟಾಗ ಇವ್ನು ಮಂಚದ್ ಕೆಳಗಿರ್ಬಾರ್ದು. ಬಾಗ್ಲಲ್ಲಿರ್ಬೇಕು. ಮೊಕ ನೋಡ್ಕಂಡ್ ಓಗ್ಬೇಕು."

ಗಂಡಿನ ಕಡೆಯವರು ತಮಟೆ, ಪಟಾಕಿ ಇಲ್ಲದೆ ಹೆಣ್ಣು ಕರೆದೊಯ್ಯುವವರಲ್ಲ. ಮಾವ ಮುಂಚಿತವಾಗಿ ಒಬ್ಬ ತಮಟೆಯವನನ್ನು ಗೊತ್ತು ಮಾಡಿದರು. ಮೊದಲ ದಿನ ಅವನು ದೂರದ ನಾಲೆ ಏರಿಯ ಮೇಲೆ ಮೆಲ್ಲಗೆ ಬಾರಿಸಬೇಕು; ಮಾವ ಜಗುಲಿಯಲ್ಲಿ ಕೂತು ಕೆಂಚನಿಗೆ ಬೇಯಿಸಿದ ಮೊಟ್ಟೆ ತಿನ್ನಿಸಬೇಕು. ಕೆಂಚ ಹೆದರದಿದ್ದರೆ ಮರುದಿನ ತಮಟೆ ಸ್ವಲ್ಪ ಹತ್ತಿರ.

"ಮೆತ್ತಗ್ ಬಾರ್ಸಕ್ಕೆ ತಮಟೆ ಯಾಕಣ್ಣೋ" ಎಂದು ಗೊಣಗುತ್ತಲೇ ಅವನು ಒಪ್ಪಿದ.

ಮಾವ ಮರೆತದ್ದು ಒಂದನ್ನು. ನಮ್ಮ ಕಡೆ ಹಬ್ಬವಿಲ್ಲದ ದಿನ ಬೆಳಗ್ಗೆಯೇ ಒಂಟಿ ತಮಟೆ ನಿಧಾನಕ್ಕೆ ಬಡಿದರೆ, ಯಾರೋ ತೀರಿಕೊಂಡಿದ್ದಾರೆ ಎಂದರ್ಥ. ತಮಟೆ ಮಾವನ ಹಿತ್ತಿಲಿಗೆ ಬಂದ ದಿನ ಅರ್ಧ ಊರು ಹಾರ ಹಿಡಿದು ಅಂಗಳಕ್ಕೆ ಬಂತು. ಮಾವ ಜಗುಲಿಯಲ್ಲಿ ಮೊಟ್ಟೆ ಸುಲಿಯುತ್ತ ಕೂತಿದ್ದರು.

"ಯಾರ್ಲಾ ತೀರ್ಕಂಡಿದ್ದು?" ಎಂದು ಪಕ್ಕದ ಗದ್ದೆಯವರು ಕೇಳಿದರು.

"ಯಾರೂ ಇಲ್ಲ ಕಣ್ಲಾ. ನಾಯಿಗ್ ಧೈರ್ಯ ಕಲಿಸ್ತಾ ಇವ್ನಿ."

"ಅಂಗಾರೆ ಈ ಆರ ಏನ್ ಮಾಡನ?"

"ಅವನ್ಗೇ ಆಕು. ಪಾಸಾಗವ್ನೆ."

ಮದುವೆಯ ಸಂಜೆ ಹೆಣ್ಣು ಹೊರಟಳು. ಜೋಡಿ ತಮಟೆ, ಮೇಲೆ ಸರ ಪಟಾಕಿ. ಕೆಂಚನ ಕಾಲು ಅದುರುತ್ತಿತ್ತು, ಕಿವಿ ತಲೆಗೆ ಅಂಟಿತ್ತು. ಬಾಗಿಲು ಮಾತ್ರ ಬಿಡಲಿಲ್ಲ. ಅವಳು ಎರಡೂ ಕೈಯಲ್ಲಿ ಅವನ ಮುಖ ಹಿಡಿದು ನೋಡಿದಳು. ಅಪ್ಪನ ಕಾಲಿಗೆ ಬಿದ್ದಳು. ಕಾರು ನಾಲೆ ದಾಟಿತು.

"ನಿಮ್ಮಾವ ಎಲ್ಲಿ, ನೋಡ್ಲಾ" ಎಂದರು ಅತ್ತೆ.

ಒಳಗೆ ಹೋದೆ. ಮಂಚದ ಕೆಳಗಿನಿಂದ ಎರಡು ಪಾದ ಕಾಣುತ್ತಿದ್ದವು. ಬಗ್ಗಿ ನೋಡಿದೆ. ಮಾವನ ಹೆಗಲು ಅದುರುತ್ತಿತ್ತು. ಅಷ್ಟು ದೊಡ್ಡ ಗಂಟಲಿನಿಂದ ಒಂದು ಸದ್ದೂ ಇಲ್ಲ. ಎಬ್ಬಿಸಲು ಕೈ ಚಾಚುವಷ್ಟರಲ್ಲಿ ಕೆಂಚ ನನ್ನನ್ನು ತಳ್ಳಿಕೊಂಡು ಒಳಗೆ ತೂರಿದ.

ಜಾಗ ಇರಲಿಲ್ಲ. ಮಾಡಿಕೊಂಡ. ನೆಕ್ಕಲಿಲ್ಲ, ಎಳೆಯಲಿಲ್ಲ. ಮಾವನ ಪಕ್ಕದಲ್ಲಿ ಸುಮ್ಮನೆ ಮಲಗಿದ.