ಭಾವನ ಗಡಿ ಮುದ್ರೆ

ಠಪ್!

ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಚೀನಾದಂಥ ಚೀನಾವನ್ನು ಮಿಷಿಗನ್ನಿನ ರಾಚೆಸ್ಟರ್ ಹಿಲ್ಸ್‌ನಲ್ಲಿ ಕೂತೇ ತಡೆದು ನಿಲ್ಲಿಸಿದ್ದವರು ನಮ್ಮ ಭಾವ ಎಂದರೆ ನೀವು ನಂಬುವುದಿಲ್ಲ. ಬೇಡ ಬಿಡಿ! ಅವರ ಸೈನ್ಯವೆಂದರೆ ಒಂದು ರಬ್ಬರ್ ಸ್ಟಾಂಪ್, ಒಂದು ಇಂಕ್ ಪ್ಯಾಡ್.

ನಾನು ಓದಿದ ಕಾನ್ವೆಂಟಿನ ಲೈಬ್ರರಿಯಲ್ಲಿ ಫಾರಿನ್ ಅಟ್ಲಾಸುಗಳ ಮೇಲೆ, ಇದರಲ್ಲಿರುವ ಗಡಿ ಸರಿಯಲ್ಲ ಎಂಬ ಸರ್ಕಾರಿ ಮುದ್ರೆ ಇರುತ್ತಿತ್ತು. ಅಮೆರಿಕದಲ್ಲಿ ಆ ಕೆಲಸಕ್ಕೆ ಯಾರೂ ಇಲ್ಲವಲ್ಲ ಎಂದು ಮರುಗಿದ ಭಾವ, ಕಾರಿನ ಬಿಡಿಭಾಗಗಳ ಕಂಪನಿಯಿಂದ ರಿಟೈರ್ ಆದದ್ದೇ ತಡ, ‘ಈ ನಕ್ಷೆಯ ಗಡಿಗಳು ಸರಿಯಲ್ಲ’ ಎಂದು ಇಂಗ್ಲಿಷಿನಲ್ಲಿ ಸ್ಟಾಂಪ್ ಮಾಡಿಸಿಕೊಂಡರು. ಅಕ್ಸಾಯ್ ಚಿನ್ ಪ್ರದೇಶವನ್ನು ಚೀನಾದ ಕಡೆಗೆ ದಾಟಿಸಿದ ಯಾವ ನಕ್ಷೆಗೂ ಉಳಿಗಾಲವಿಲ್ಲ! ಡೆಂಟಿಸ್ಟ್ ಆಫೀಸಿನ ಗೋಡೆಯ ನಕ್ಷೆಗೆ, ಠಪ್. ಪಕ್ಕದ ಮನೆಯ ಮಗುವಿಗೆ ತಾವೇ ಬರ್ತ್‌ಡೇ ಪ್ರೆಸೆಂಟ್ ಕೊಟ್ಟ ವರ್ಲ್ಡ್ ಮ್ಯಾಪ್ ಜಿಗ್‌ಸಾ ಪಜಲ್‌ಗೆ, ಠಪ್.

ಒಮ್ಮೆ ವಿಮಾನದಲ್ಲಿ ಮುಂದಿನ ಸೀಟಿನ ಪರದೆಯ ನಕ್ಷೆಯಲ್ಲಿ ಅರುಣಾಚಲದ ಸುತ್ತ ಗಡಿಗೆರೆಯ ಬದಲು ಚುಕ್ಕೆಗಳು ಕಂಡವು. ಭಾವ ಗಂಟೆ ಒತ್ತಿ ಏರ್ ಹೋಸ್ಟೆಸ್ಸನ್ನು ಕರೆದರು.

“ವೈ ಡಾಟ್ಸ್?” ಎಂದು ಅವಳನ್ನು ಕೇಳಿ, ನನ್ನ ಕಡೆ ತಿರುಗಿದರು. “ನಮ್ ದೇಶ ಏನು ರಂಗೋಲೀನಾ?”

ಆಕೆ ಪಾಪ, ಕಣ್ಣಿಗೆ ಚುಕ್ಕೆ ಬರುವಷ್ಟು ಶುಗರ್ ಇಳಿದಿರಬೇಕೆಂದು ಆರೆಂಜ್ ಜ್ಯೂಸ್ ತಂದುಕೊಟ್ಟಳು!

ಬೀಜಿಂಗಿನವರು ಅರುಣಾಚಲದ ಊರುಗಳಿಗೆ ಮತ್ತೆ ತಮ್ಮ ಹೆಸರಿಟ್ಟರೆಂಬ ಸುದ್ದಿ ಬಂದ ದಿನವಂತೂ ಕಾಫಿಯನ್ನೂ ಮುಟ್ಟಲಿಲ್ಲ. “ನಮ್ಮನೆ ಮಗೂಗೆ ಪಕ್ಕದ್ಮನೆಯವ್ರು ನಾಮಕರಣ ಮಾಡೋದೇನಮ್ಮ?” ಎಂದು ಚಿಕಾಗೋ ಕಡೆಯ ವೆಸ್ಟ್‌ಮಾಂಟ್‌ನಲ್ಲಿರುವ ನನಗೆ ಫೋನ್ ಮಾಡಿ ರೇಗಿದರು, ಹೆಸರಿಟ್ಟವಳು ನಾನೇ ಎಂಬಂತೆ.

ಇಂಥವರ ಮೊಮ್ಮಗಳು ಯಾರನ್ನು ಪ್ರೀತಿಸಬೇಕು ಹೇಳಿ? ಜೊತೆಗೆ ಓದಿದ ಚೀನೀ ಹುಡುಗನನ್ನು! ಹುಡುಗನ ಮನೆಯಲ್ಲಿ ಅವನ ಅಜ್ಜ ಹೂಂ ಅನ್ನದೆ ಮದುವೆಯಿಲ್ಲ. ಆ ಅಜ್ಜ, ಬೀಜಿಂಗಿನಿಂದ ಬಂದವರು, ಮೊಮ್ಮಗನೊಂದಿಗೆ ಊಟಕ್ಕೆ ಬರುವ ದಿನ ನಾನೂ ಹೋಗಿದ್ದೆ.

“ರೀ, ಸ್ಟಾಂಪ್ ಕೊಡಿ ಇಲ್ಲಿ,” ಎಂದು ನಮ್ಮಕ್ಕ ಕಿತ್ತುಕೊಂಡು ಅಕ್ಕಿ ಡಬ್ಬಿಯಲ್ಲಿ ಹೂತಳು.

“ಅಜ್ಜಿ, ಇಫ್ ತಾತ ಸೇಸ್ ಒನ್ ವರ್ಡ್ ಅಬೌಟ್ ಬಾರ್ಡರ್ಸ್, ಇಟ್ಸ್ ಓವರ್,” ಎಂದು ಹುಡುಗಿ ನನ್ನ ತೋಳು ಹಿಡಿದು ನಿಂತಳು.

ಸ್ಟಾಂಪ್ ಅಡಗಿತು, ಸರಿ. ಹಾಲ್‌ನಲ್ಲಿದ್ದ ಗ್ಲೋಬ್? ಅದನ್ನು ಎಲ್ಲರೂ ಮರೆತಿದ್ದೆವು! ಅಜ್ಜ ನೆಟ್ಟಗೆ ಅಲ್ಲಿಗೇ ನಡೆದರು. ಕನ್ನಡಕ ಹಾಕಿಕೊಂಡು ಹಿಮಾಲಯದ ಮೇಲಿದ್ದ ಮುದ್ರೆ ನೋಡಿದರು. ಏನಿದು ಎಂದು ಮೊಮ್ಮಗನನ್ನು ಕೇಳಿದರು. ಅವನು ಬೆವರುತ್ತ ಅರ್ಥ ಹೇಳಿದ. ಅಕ್ಕ ಕಣ್ಣು ಮುಚ್ಚಿಕೊಂಡಳು. ನಾನು ಹೇಲ್ ಮೇರಿ ಪ್ರಾರ್ಥನೆ ಶುರುಮಾಡಿದೆ; ಕಾನ್ವೆಂಟ್ ಅಭ್ಯಾಸ.

ಅಜ್ಜ ಗ್ಲೋಬನ್ನು ಚೂರೇ ಚೂರು ತಿರುಗಿಸಿದರು. ಚೀನಾಕ್ಕೆ ಒಂದು ಬಣ್ಣ, ತೈವಾನಿಗೆ ಬೇರೆಯೇ ಬಣ್ಣ! ಹುಬ್ಬು ಗಂಟಿಕ್ಕಿತು. ಭಾವನ ಕಡೆ ನೋಡಿ, ಗಾಳಿಯಲ್ಲೇ ಮುಷ್ಟಿಯಿಂದ ಮುದ್ರೆ ಒತ್ತಿ ತೋರಿಸಿದರು: ಎಲ್ಲಿ ಅದು?

ಭಾವ ನೇರವಾಗಿ ಅಕ್ಕಿ ಡಬ್ಬಿಗೇ ಕೈ ಹಾಕಿದರು.

ಠಪ್! ಜಪಾನಿನಿಂದ ಫಿಲಿಪ್ಪೀನ್ಸ್‌ವರೆಗೂ ಇಂಕು. ಅಂಟಿಕೊಂಡಿದ್ದ ಅಕ್ಕಿಕಾಳಿನಿಂದ ಸಮುದ್ರದಲ್ಲಿ ಒಂದು ಹೊಸ ದ್ವೀಪವೂ ಹುಟ್ಟಿತು! ನಕ್ಷೆ ತಪ್ಪು ಎಂಬುದರಲ್ಲಿ ಇಬ್ಬರಿಗೂ ಸಂಪೂರ್ಣ ಒಮ್ಮತ. ತೈವಾನಿನವರನ್ನು ಯಾರೂ ಕೇಳಲಿಲ್ಲ; ಅವರು ಊಟಕ್ಕೆ ಬಂದಿರಲಿಲ್ಲ.

ಬಿಸಿಬೇಳೆಬಾತಿನ ಎರಡನೇ ರೌಂಡಿನಲ್ಲಿ ಅಜ್ಜ ಏನೋ ಅಂದರು. ಹುಡುಗ ನಕ್ಕ. “ಹಿ ಈಸ್ ಆಸ್ಕಿಂಗ್, ವೆನ್ ಈಸ್ ದ ವೆಡಿಂಗ್?”

ಹುಡುಗಿ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಅಬ್ಬಾ, ಎಂಥ ಹಗುರ! ಅಕ್ಕ ಅಡುಗೆಮನೆಗೆ ಹೋಗಿ ಸುಮ್ಮಸುಮ್ಮನೆ ಅತ್ತು ಬಂದಳು.

ಭಾವನನ್ನು ನಾನು ಕೊನೆಯ ಸಲ ನೋಡಿದ್ದು ಆ ಮೊಮ್ಮಗಳ ಮನೆಯಲ್ಲೇ. ವೀಲ್‌ಚೇರಿನಲ್ಲಿ ಕೂತಿದ್ದರು, ತೊಡೆಯ ಮೇಲೆ ಮರಿಮಗು. ನಾನು ಬಗ್ಗಿ ನೋಡಿ, “ಮೂಗು ನಮ್ಮದು, ಕಣ್ಣು ಅವರದು,” ಅನ್ನುತ್ತಿದ್ದೆ. ಭಾವ ತುಟಿಯ ಮೇಲೆ ಬೆರಳಿಟ್ಟರು.

“ಶ್... ಈಗಷ್ಟೇ ಮಲಗಿದೆ ಕಣಮ್ಮ.”