ಮಾವ ಸರ್ಕಾರ, ಅತ್ತೆ ನಾನು

ಒಂದು ಕೈಯನ್ನು ಸರ್ಕಾರ, ಇನ್ನೊಂದು ಕೈಯನ್ನು ತಾಯಿ ಹಿಡಿದು ಎಳೆಯುತ್ತಿರುವ ಹುಡುಗಿಯರ ನಡುವೆ ಅರ್ಧ ಆಯುಷ್ಯ ಕಳೆದವಳು ನಾನು. ಇಂಥ ಪ್ರಸಂಗಗಳು ನನಗೆ ಬೇಡವೆಂದರೂ ಬರುತ್ತಲೇ ಇದ್ದವು.

ನಿಜಾಮನ ಆಳ್ವಿಕೆ ಕೊನೆಗಾಣಿಸಿದ ಪೊಲೀಸ್ ಆಕ್ಷನ್ ಮುಗಿದಿತ್ತು, ಹೈದರಾಬಾದ್ ರಾಜ್ಯ ಇನ್ನೂ ಒಡೆದಿರಲಿಲ್ಲ. ಆ ಕೆಲವು ವರ್ಷ ನಾನು ಕಲಬುರಗಿಯಲ್ಲಿ ಹೆಣ್ಣುಮಕ್ಕಳ ಒಂದು ಸರ್ಕಾರಿ ಬೋರ್ಡಿಂಗಿಗೆ ಮೇಟ್ರನ್ ಆಗಿದ್ದೆ. ಸ್ಟೇಶನ್ ಬಜಾರದ ಹಿಂದೆ ಒಂದು ಹಳೆಯ ವಾಡೆ, ಅಂಗಳದಲ್ಲಿ ಬೇವಿನ ಮರ, ಇಪ್ಪತ್ತೆರಡು ಹುಡುಗಿಯರು, ಬರೆಯಲು ಒಬ್ಬ ಮುನ್ಷಿ. ನಾನು ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ಓದಿದವಳು. ಬೆನ್ನು ಬಾಗಿಸಬಾರದು, ನಿಯಮ ಸಡಿಲಿಸಬಾರದು ಎಂದು ಅಲ್ಲಿನ ಸಿಸ್ಟರುಗಳು ಕಲಿಸಿದ್ದರು. ಎರಡನ್ನೂ ಇವತ್ತಿಗೂ ಪಾಲಿಸುತ್ತೇನೆ. ತಪ್ಪಿದ್ದು ಎರಡು ಸಲ ಮಾತ್ರ, ಎರಡಕ್ಕೂ ಕಾರಣ ಕಮಲಾಪುರದ ಒಬ್ಬ ತಾಯಿ. ಅವಳ ಪ್ರಸಂಗವನ್ನೇ ಹೇಳುತ್ತೇನೆ.

೧. ಒಪ್ಪಿಸಿ ಕೊಟ್ಟದ್ದು

ಆಕೆಗೆ ಗಂಡ ಇರಲಿಲ್ಲ. ಒಬ್ಬಳೇ ಮಗಳು. ಮಗಳನ್ನು ಬೋರ್ಡಿಂಗಿಗೆ ಸೇರಿಸಲು ಕಮಲಾಪುರದಿಂದ ಬಸ್ಸು ಹಿಡಿದು ಬಂದಿದ್ದಳು. ನಮ್ಮ ಫಾರಂ ಇನ್ನೂ ಉರ್ದುವಿನಲ್ಲೇ ಇತ್ತು. ಸರ್ಕಾರ ಬದಲಾಗಿತ್ತು, ಛಾಪಿಸಿದ ಕಾಗದ ಮುಗಿದಿರಲಿಲ್ಲ. ಮುನ್ಷಿ ಅದನ್ನು ಓದಿ ಕನ್ನಡದಲ್ಲಿ ಹೇಳಿದರು:

"ಶಾಲಿ ನಡದಿರೂತನಕ ಹುಡುಗಿ ಜವಾಬ್ದಾರಿ ಪೂರಾ ಮೇಟ್ರನ್‌ ಅವರದು. ಉಣ್ಣೋದು, ಉಡೋದು, ಹೋಗೋದು, ಬರೋದು ಎಲ್ಲಾ ಅವರ ಹುಕುಮಿನಂಗ. ಒಪ್ಪಿಗಿ ಇದ್ರ ಹೆಬ್ಬಟ್ಟು ಒತ್ರಿ."

ಆಕೆ ಹೆಬ್ಬೆರಳು ಮುಂದೆ ಮಾಡಿದವಳು ಹಿಂದಕ್ಕೆ ತೆಗೆದುಕೊಂಡಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಹಂಗಂದ್ರ ಅತ್ತಿಮನಿಗೆ ಕೊಟ್ಟಂಗೇ ಆತಲ್ರೀ. ಹಂಗಾರ ಕೇಳಬೇಕಾದ್ದು ಕೇಳ್ತೀನಿ" ಎಂದು ಎದುರಿಗೆ ಕುಳಿತೇಬಿಟ್ಟಳು. ಬಾವಿ ಎಷ್ಟು ದೂರ? ರೊಟ್ಟಿ ಬಡಿಯುವವರು ಯಾರು? ಜ್ವರ ಬಂದರೆ ತಲೆದಿಂಬಿಗೆ ಯಾರು ಕೂಡುತ್ತಾರೆ? ಹೆಣ್ಣು ಕೊಡುವವರು ಕೇಳುವಂತೆ ಒಂದೊಂದಾಗಿ ಕೇಳಿದಳು. ನಾನು ನಿಯಮಾವಳಿ ತೆರೆದು ಒಂದೊಂದಕ್ಕೂ ಉತ್ತರ ಹೇಳಿದೆ. ಆಮೇಲೆ ಆಕೆ ಚೀಲದಿಂದ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿಣ ಕೊಂಬು, ಕುಪ್ಪಸದ ಖಣ ತೆಗೆದು ನನ್ನ ಆಫೀಸಿನಲ್ಲಿಯೇ ಮಗಳ ಉಡಿ ತುಂಬಿದಳು. ಅವಳ ಕೈ ಹಿಡಿದು ನನ್ನ ಕೈಯಲ್ಲಿಟ್ಟಳು.

"ಕೆಲಸ ಬರ್ತದ, ಮಾತು ಕಡಿಮಿ. ತಪ್ಪು ಮಾಡಿದ್ರ ಹೊಟ್ಟ್ಯಾಗ ಹಾಕ್ಕೋರಿ, ಬೀಗತೇರ."

"ನಾನು ಬೀಗತಿ ಅಲ್ಲ, ಮೇಟ್ರನ್" ಎಂದೆ.

"ಆಗಲಿ ಬಿಡ್ರಿ. ಈ ಮನಿಗೆ ಹಿರೇರು ಯಾರು?"

"ಸರ್ಕಾರ."

"ಮಾವ ಸರ್ಕಾರ ಅನ್ರಿ. ಇಲ್ಲೇ ಇರ್ತಾರೇನು?"

"ಇಲ್ಲ. ಹೈದರಾಬಾದಿನಲ್ಲಿ."

ಆಕೆ ನಿರಾಳವಾಗಿ ಹೆಬ್ಬೆಟ್ಟು ಒತ್ತಿದಳು. "ಚಲೋ ಆತು. ಮಾವ ದೂರ ಇದ್ರ ನನ್ನ ಮಗಳು ಕಾಲು ಚಾಚಿ ಕುಂದರಬಹುದು."

೨. ಸೂಜಿ

ಸಿಡುಬಿನ ಲಸಿಕೆ ಹಾಕಲು ಆಸ್ಪತ್ರೆಯಿಂದ ಡಾಕ್ಟರು ಬಂದ ದಿನವೇ ಆಕೆಯೂ ಬಂದಳು, ಕಮಲಾಪುರದ ಕೆಂಪು ಬಾಳೆಹಣ್ಣಿನ ಒಂದು ಗೊನೆ ಹೊತ್ತುಕೊಂಡು. ಮಗಳ ತೋಳು ನೋಡಿದವಳೇ ಗೊನೆಯನ್ನು ನನ್ನ ಮೇಜಿನ ಮೇಲೆ ಕುಕ್ಕಿದಳು.

"ಹಡದಾಕಿನ್ನ ಕೇಳಲಾರದ ನನ್ನ ಮಗಳಿಗೆ ಸೂಜಿ ಹ್ಯಾಂಗ ಚುಚ್ಚಿಸಿದ್ರಿ?"

"ಸರ್ಕಾರದ ಆಜ್ಞೆ. ಬೋರ್ಡಿಂಗಿನಲ್ಲಿ ಇರುವ ಪ್ರತಿಯೊಬ್ಬರಿಗೂ ಹಾಕಿಸಬೇಕು."

"ಪ್ರತಿಯೊಬ್ಬರಿಗೂ?"

"ಪ್ರತಿಯೊಬ್ಬರಿಗೂ."

"ನೀವೂ ಇಲ್ಲೇ ಇರ್ತೀರಿ. ತೋಳು ತೋರಸ್ರಿ ನೋಡೋಣು."

ನಾನು ಯಾವಾಗಲೂ ಮೊಣಕೈ ಮುಚ್ಚುವ ತೋಳಿನ ಕುಪ್ಪಸ ತೊಡುತ್ತಿದ್ದೆ. ಅದು ಕಾನ್ವೆಂಟಿನ ಶಿಸ್ತು. ಆ ದಿನ ಅದರಿಂದ ಬೇರೆ ಉಪಯೋಗವೂ ಆಗಿತ್ತು: ಬೆಳಗಿನಿಂದ ಡಾಕ್ಟರಿಗೆ "ನನ್ನದು ಆಮೇಲೆ" ಎನ್ನುತ್ತಲೇ ಇದ್ದೆ. ಈಗ ಇಪ್ಪತ್ತೆರಡು ಹುಡುಗಿಯರು ಸಾಲು ಬಿಟ್ಟು ಬಾಗಿಲಿಗೆ ಬಂದು ನಿಂತರು. ನಾನು ಕುಪ್ಪಸದ ತೋಳು ಮೇಲಕ್ಕೆ ಮಡಿಸಿದೆ. ಆಕೆ ನನ್ನ ಪಕ್ಕಕ್ಕೆ ಬಂದು ಇನ್ನೊಂದು ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಹಿಡಿದದ್ದು ನಾನು ಓಡಿಹೋಗದಿರಲಿ ಎಂದೋ ಧೈರ್ಯಕ್ಕೋ, ನನಗೆ ಗೊತ್ತಾಗಲಿಲ್ಲ.

ನಾನು ಅಳಲಿಲ್ಲ. ಸ್ಪಿರಿಟ್ಟಿನ ವಾಸನೆಗೆ ಕಣ್ಣು ಉರಿದವು, ಅಷ್ಟೇ. ಆದರೆ ಆಕೆ ನನ್ನ ಕಿವಿಗೆ ಬಾಗಿ, ಇಡೀ ವಾಡೆಗೆ ಕೇಳುವಂತೆ ಹೇಳಿದಳು:

"ಅಳಬ್ಯಾಡ್ರಿ ಬೀಗತೇರ. ಸೊಸಿ ನೋಡಾಕತ್ತಾಳ."

೩. ಗೇಟಿನ ಜಗಳ

ಈ ಭಾಗದಲ್ಲಿ ನಾಗರ ಪಂಚಮಿಗೆ ಹೆಣ್ಣುಮಕ್ಕಳನ್ನು ತವರಿಗೆ ಕರೆಯದೆ ಬಿಡುವುದಿಲ್ಲ. ಈ ಹುಡುಗಿ ಸೇರುವ ಹಿಂದಿನ ವರ್ಷ ನಾನು ಏಳು ಹುಡುಗಿಯರನ್ನು ಕಳಿಸಿದ್ದೆ. ಆರು ಜನ ತಿರುಗಿ ಬಂದರು. ಏಳನೆಯವಳು ಮೂರು ತಿಂಗಳ ಮೇಲೆ ಗಂಡನೊಂದಿಗೆ ಬಂದು ತನ್ನ ಟ್ರಂಕು ಒಯ್ದಳು. ಅಂದೇ ನಿಯಮ ಮಾಡಿದೆ: ಪಂಚಮಿಗೆ ರಜೆ ಇಲ್ಲ.

ಕಮಲಾಪುರದ ತಾಯಿ ಉಂಡಿಯ ಡಬ್ಬಿ ಹಿಡಿದು ಬಂದಳು. ಜೊತೆಗೆ ಅವಳ ಅಣ್ಣ, ಬಾಳೆತೋಟದ ಯಜಮಾನ, ದೊಡ್ಡ ರುಮಾಲಿನವನು. ಗೇಟಿನಿಂದ ಸ್ವಲ್ಪ ದೂರದಲ್ಲಿ ನಿಂತು, "ಹುಟ್ಟಿದ ದಿನಾನೇ ಈ ಹುಡುಗಿ ನನ್ನ ಮಗಗ ಅಂತ ಮಾತಾಗ್ಯದ. ಸೋದರಮಾವನ ಹಕ್ಕದು" ಎಂದು ಮುನ್ಷಿಗೆ ತಾನಾಗಿಯೇ ಹೇಳಿದ. ಹುಡುಗಿ ಒಮ್ಮೆ ಕಮಲಾಪುರ ಮುಟ್ಟಿದರೆ ಅವಳ ಏಳನೆಯ ಇಯತ್ತೆ ಅಲ್ಲಿಗೆ ಮುಗಿಯಿತು ಎಂದು ನನಗೆ ಖಾತ್ರಿಯಾಯಿತು.

ನಾನು ಗೇಟಿಗೆ ಅಡ್ಡ ನಿಂತೆ. ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಒಂಬತ್ತು ತಿಂಗಳು ಹೊತ್ತಾಕಿ ನಾನು! ನಿಮ್ಮ ಸರ್ಕಾರ ಹಡದದೇನ್ರೀ ಈಕಿನ್ನ?"

"ಹಡೆದಿಲ್ಲ. ಓದಿಸುತ್ತಿದೆ."

"ಯಾವ ಅತ್ತಿ ಪಂಚಮಿಗೆ ಸೊಸಿನ್ನ ತವರಿಗೆ ಕಳಸೂದಿಲ್ಲ?"

"ಈ ಅತ್ತೆ ಕಳಿಸುವುದಿಲ್ಲ. ನಿಯಮ ಅಂದರೆ ನಿಯಮ."

ಸ್ಟೇಶನ್ ಬಜಾರದ ಹಮಾಲರು ಗಂಟು ಇಳಿಸಿ ನೋಡುತ್ತ ನಿಂತರು. ಅರ್ಧ ಗಂಟೆ ನಡೆಯಿತು. ನಡುವೆ ಆಕೆ ನೀರು ಕೇಳಿದಳು. ತಂಬಿಗೆ ಕೊಟ್ಟೆ. ಕುಡಿದು, ಬಾಯಿ ಒರೆಸಿಕೊಂಡು, ತಂಬಿಗೆ ತಿರುಗಿ ಕೊಡುವಾಗ ಮೆಲ್ಲಗೆ ಹೇಳಿದಳು:

"ಒಂಚೂರು ಜೋರು ಮಾಡ್ರಿ ಬೀಗತೇರ. ನಮ್ಮಣ್ಣಗ ಕಿವಿ ಮಂದ."

೪. ನಾನು ಕೇಳಿಸಿಕೊಂಡ ಉಪದೇಶ

ಆ ಜಗಳ ನನ್ನ ಮನಸ್ಸಿನಲ್ಲಿ ಉಳಿಯಿತು. ನಿಯಮ ಸರಿಯೇ, ಆದರೆ ತಾಯಿ ತಾಯಿಯೇ. ದೀಪಾವಳಿ ಬಂದಾಗ, ಯಾರೂ ಕೇಳದಿದ್ದರೂ ನಾನೇ ಕಮಲಾಪುರಕ್ಕೆ ಚೀಟಿ ಕಳಿಸಿದೆ: ಎರಡು ದಿನದ ಮಟ್ಟಿಗೆ ಮಗಳನ್ನು ಕರೆದುಕೊಂಡು ಹೋಗಬಹುದು.

ಮರುದಿನ ಮೊದಲ ಬಸ್ಸಿಗೇ ಆಕೆ ಬಂದಳು, ಒಬ್ಬಳೇ. ಮುಖ ಬಿಳುಪೇರಿತ್ತು. ಸಂತೋಷಕ್ಕೆ ಹಾಗಾಗಿರಬೇಕು ಎಂದುಕೊಂಡು, "ಹುಡುಗಿ ಸಿದ್ಧವಾಗಿದ್ದಾಳೆ" ಎಂದೆ.

"ಇವತ್ತ ಶುಕ್ರಾರ ಅಲ್ರೀ. ಶುಕ್ರಾರ ಹೆಣ್ಣುಮಗಳನ್ನ ಮನೀಂದ ಕಳಸ್ತಾರೇನು?"

"ಸರಿ, ನಾಳೆ ಕರೆದುಕೊಂಡು ಹೋಗಿ."

"ನಾಳಿ ಶನಿವಾರ."

"ನಾಡಿದ್ದು?"

"ಅಮಾಸಿ ಅದ."

ನನಗೆ ಸಿಟ್ಟು ಬಂತು. "ಪಂಚಮಿಗೆ ಬಿಡಲಿಲ್ಲವೆಂದು ಬೀದಿ ಸೇರಿಸಿದವರು ನೀವೇ. ಈಗ ಬಿಡುತ್ತೇನೆ ಎಂದರೆ ಪಂಚಾಂಗ ಹೇಳುತ್ತೀರಿ!"

ಆಕೆ ನನಗಿಂತ ನೇರ ಬೆನ್ನು ಮಾಡಿ ನಿಂತಳು. "ಮಾವ ಸರ್ಕಾರನ್ನ ಕೇಳೀರೇನ್ರೀ? ಕೇಳಿಲ್ಲ. ಹಿರೇರನ್ನ ಕೇಳಲಾರದ ಸೊಸಿನ್ನ ಕಳಸೂದು ಯಾವ ಪದ್ಧತಿ? ನಾಕು ಮಂದ್ಯಾಗ ಒಂದು ಮಾತಾಡಿ, ಕಡೀಕ ಇನ್ನೊಂದು ಮಾಡಿದ್ರ ಈ ಮನಿ ಮಾನ ಏನಾಗಬೇಕು?"

ಕಾನ್ವೆಂಟು ಬಿಟ್ಟ ಮೇಲೆ ಶಿಸ್ತಿನ ಬಗ್ಗೆ ನನಗೆ ಯಾರೂ ಉಪದೇಶ ಮಾಡಿರಲಿಲ್ಲ. ನಾನು ಬಾಯಿ ತೆರೆಯುವುದರೊಳಗೆ ಆಕೆ ಗೇಟು ದಾಟಿದ್ದಳು. ಅಲ್ಲಿಂದಲೇ ತಿರುಗಿ ಬೆರಳೆತ್ತಿ ಹೇಳಿದಳು:

"ನಿಯಮ ಅಂದ್ರ ನಿಯಮ ಇರಬೇಕ್ರೀ!"

೫. ಬೇವಿನ ಮರದ ಜೋಕಾಲಿ

ಮುಂದಿನ ಪಂಚಮಿಗೆ ಆಕೆ ಐದು ಮಂದಿ ಹೆಂಗಸರನ್ನು ಕಟ್ಟಿಕೊಂಡು ಬಂದಳು. ಕೈಯಲ್ಲಿ ದಪ್ಪ ಹಗ್ಗ, ಒಂದು ಮಣೆ, ತಲೆಯ ಮೇಲೆ ಉಂಡಿಯ ಬುಟ್ಟಿ.

"ಮಗಳು ಹೊರಗ ಹೋಗಬಾರ್ದು ಅಂತ ನಿಯಮ. ತವರು ಒಳಗ ಬರಬಾರ್ದು ಅಂತ ನಿಯಮ ಅದ ಏನ್ರೀ?"

ನಾನು ನಿಯಮಾವಳಿ ನೋಡಿದೆ. ಮುನ್ಷಿ ಉರ್ದುವಿನದನ್ನೂ ನೋಡಿದರು. ಇರಲಿಲ್ಲ. ಹತ್ತು ನಿಮಿಷದಲ್ಲಿ ಬೇವಿನ ಮರಕ್ಕೆ ಜೋಕಾಲಿ ಬಿತ್ತು. ಹುಡುಗಿಯರೆಲ್ಲ ಸುತ್ತ ನೆರೆದರು, ಆದರೆ ಆಕೆ ಯಾರನ್ನೂ ಹತ್ತಗೊಡಲಿಲ್ಲ. ಮನೆಯ ಹಿರೇಹೆಣ್ಣು ಮೊದಲು ಕೂಡಬೇಕಂತೆ.

ನಾನು ಕುಳಿತೆ. ಏಕೆಂದರೆ ಇಪ್ಪತ್ತೆರಡು ಮಕ್ಕಳು ಹತ್ತುವ ಮೊದಲು ಹಗ್ಗ ಗಟ್ಟಿ ಇದೆಯೇ ಎಂದು ಪರೀಕ್ಷಿಸುವುದು ಮೇಟ್ರನ್ನಿನ ಕರ್ತವ್ಯ. ಅವರು ತೂಗಿದರು. ಇನ್ನೂ ಜೋರಾಗಿ ತೂಗಿದರು. ಬೇವಿನ ಎಲೆ ಕಾಲಿಗೆ ತಾಗಿತು. ನಾನು ಕೂಗಿದೆನಂತೆ; ನಕ್ಕೆ ಎಂದೂ ಕೆಲವರು ಹೇಳುತ್ತಾರೆ. ಆಗ ಗೇಟು ತೆರೆಯಿತು. ಇನ್‌ಸ್ಪೆಕ್ಟ್ರೆಸ್ ಒಳಗೆ ಬಂದರು.

ಅವರು ಹೈದರಾಬಾದಿನ ಶಿಕ್ಷಣ ಇಲಾಖೆಯಿಂದ ಹೇಳದೆ ಕೇಳದೆ ತಪಾಸಣೆಗೆ ಬರುತ್ತಿದ್ದವರು. ನಾನು ಹೆದರುತ್ತಿದ್ದುದು ಅವರೊಬ್ಬರಿಗೇ. ಜೋಕಾಲಿ ನಿಲ್ಲುವ ಮೊದಲೇ ಜಿಗಿದು, ಸೆರಗು ಸರಿಮಾಡಿ, ತಲೆ ತಗ್ಗಿಸಿ ನಿಂತೆ. ಕಮಲಾಪುರದ ತಾಯಿ ನನ್ನನ್ನು ನೋಡಿದಳು, ಅವರನ್ನು ನೋಡಿದಳು. ತಾನೂ ತಲೆಯ ಮೇಲೆ ಸೆರಗು ಹೊದ್ದುಕೊಂಡು ಕೇಳಿದಳು:

"ಇವರು ನಿಮ್ಮ ಅತ್ತಿಯವರೇನ್ರೀ?"

ಉತ್ತರ ಕೊಡುವಷ್ಟರಲ್ಲಿ ಇನ್‌ಸ್ಪೆಕ್ಟ್ರೆಸ್ ಹಿಂದೆಯೇ ಬಾಳೆತೋಟದ ಅಣ್ಣ ಬಂದ. ಬಗಲಲ್ಲಿ ಹೊಸ ಹಸಿರು ಸೀರೆ.

"ಈ ಸಲ ಕರಿಯಾಕ ಅಲ್ರೀ, ಬೋರ್ಡಿಂಗಿನಾಗಿಂದ ಹೆಸರು ತಗಸಾಕ ಬಂದೀನಿ. ಮುಂದಿನ ಹುಣ್ಣಿವಿಗೆ ಅಕ್ಕಿಕಾಳು ಹಾಕಿ ಮದಿವಿ ಮಾಡೋದದ."

"ಸಾಧ್ಯವಿಲ್ಲ" ಎಂದೆ. ಇನ್‌ಸ್ಪೆಕ್ಟ್ರೆಸ್ ಕೈಯೆತ್ತಿ ನನ್ನನ್ನು ತಡೆದರು.

"ರಜೆ ಕೊಡುವುದು ಬಿಡುವುದು ಮೇಟ್ರನ್ ಕೈಯಲ್ಲಿದೆ. ಹೆಸರು ತೆಗೆಸುವುದು ತಾಯಿಯ ಕೈಯಲ್ಲಿದೆ. ತಾಯಿ ಬರೆದು ಅರ್ಜಿ ಕೊಟ್ಟರೆ ಸರ್ಕಾರ ತಡೆಯುವಂತಿಲ್ಲ."

ಅದು ನಿಜ. ನಿಯಮಾವಳಿಯ ಆ ಒಂದು ಪುಟವನ್ನು ನಾನು ಯಾರ ಮುಂದೆಯೂ ತೆರೆದಿರಲಿಲ್ಲ. ಹುಡುಗಿ ಜೋಕಾಲಿಯ ಹಗ್ಗ ಹಿಡಿದು ತಾಯಿಯನ್ನೇ ನೋಡುತ್ತಿದ್ದಳು. ನನ್ನ ಬೀಗ, ನನ್ನ ಗೇಟು, ನನ್ನ ಕಾನ್ವೆಂಟಿನ ಬೆನ್ನು, ಯಾವುದೂ ಈಗ ಉಪಯೋಗಕ್ಕೆ ಬರುವಂತಿರಲಿಲ್ಲ.

ತಾಯಿ ಅಣ್ಣನ ಮಂದ ಕಿವಿಗೆ ಕೇಳುವಂತೆ ನಿಧಾನವಾಗಿ, ಗಟ್ಟಿಯಾಗಿ ಹೇಳಿದಳು: "ಅರ್ಜಿ ಬರೀಬೇಕಂತಪಾ ಅಣ್ಣ. ನನಗ ಹೆಬ್ಬಟ್ಟು ಬಿಟ್ರ ಬ್ಯಾರೆ ಬರೂದಿಲ್ಲ. ನಿನಗ ಬರ್ತದೇನು?"

"ನನಗೆಲ್ಲಿದವ್ವಾ? ಮುನ್ಷಿಯವರು ಬರೀತಾರ."

ಮುನ್ಷಿ ಮೂಗಿನ ಮೇಲಿನ ಕನ್ನಡಕ ತೆಗೆದರು. "ನನಗ ಬರಿಯಾಕ ಉರ್ದು ಅಷ್ಟೇ ಬರ್ತದ್ರೀ. ಈಗ ಅರ್ಜಿ ಕನ್ನಡದಾಗೇ ಬೇಕಂತ ಹುಕುಂ ಆಗ್ಯದ."

ಅಣ್ಣ ನನ್ನ ಕಡೆ ತಿರುಗಿದ. "ಹಂಗಾರ ನೀವೇ ಬರೀರಿ ಮೇಟ್ರನ್ ಬಾಯಾರ."

ಆಕೆ ನನಗೆ ಇಟ್ಟಿದ್ದ ಹೆಸರನ್ನು ಆ ದಿನದವರೆಗೆ ನಾನು ನನ್ನ ಬಾಯಿಂದ ಆಡಿರಲಿಲ್ಲ. "ಅರ್ಜಿ ಹೆಣ್ಣಿನ ಕಡೆಯವರೇ ಬರೆಯಬೇಕು" ಎಂದೆ. "ನಾನು ಬೀಗತಿ."

"ಖರೇ ಅದ" ಎಂದಳು ಆಕೆ. "ನಮ್ಮ ಮನ್ಯಾಗ ಬರಿಯಾಕ ಬರಾಕಿ ಇವಳೊಬ್ಬಾಕಿ. ಅದೂ ಇನ್ನೂ ಅರ್ಧಾ ಕಲ್ತಾಳ. ಪೂರಾ ಕಲೀಲಿ ಅಣ್ಣ. ಕಲ್ತು ಅರ್ಜಿ ತಾನೇ ಬರೀತಾಳ. ಅವಸರ ಏನದ?"

ಅಣ್ಣ ಇನ್‌ಸ್ಪೆಕ್ಟ್ರೆಸ್ ಮುಖ ನೋಡಿದ. ಅವರು, "ನಿಯಮಕ್ಕೆ ಸರಿಯಾಗಿದೆ" ಎಂದರು. ಅವನು ಸೀರೆಯನ್ನು ಈ ಬಗಲಿಂದ ಆ ಬಗಲಿಗೆ ಬದಲಿಸಿ, ತಂಗಿ ಕೊಟ್ಟ ಎರಡು ಶೇಂಗಾ ಉಂಡಿ ತೆಗೆದುಕೊಂಡು, ಮಧ್ಯಾಹ್ನದ ಬಸ್ಸಿಗೆ ಹೋದ.

ಅವನು ಕಣ್ಮರೆಯಾದ ಮೇಲೆ ಆಕೆ ಬೇವಿನ ಬುಡಕ್ಕೆ ಕುಸಿದು ಕುಳಿತಳು. ನಾನೇ ನೀರು ತಂದುಕೊಟ್ಟೆ.

"ಹೋದ ಪಂಚಮಿಯಿಂದ 'ಬೀಗತಿ ಬಿಡವಲ್ಲಳು' ಅಂತ ಅಣ್ಣಗ ಹೇಳ್ಕೋತ ಬಂದೀನ್ರೀ. ನನ್ನ ಮಾತು ಅಂವ ಕೇಳೂದಿಲ್ಲ, ಸರ್ಕಾರದ ಮಾತಿಗೆ ಅಂಜ್ತಾನ. ದೀಪಾವಳಿಗೆ ನೀವು ಒಮ್ಮಿಂದೊಮ್ಮೆ ಕಳಸ್ತೀನಿ ಅಂದ್ರಲ್ಲ, ನನಗ ಜೀವಾನೇ ಹೋದಂಗಾಗಿತ್ತು. ಅತ್ತಿ ಅಂದ ಮ್ಯಾಲೆ ಅಷ್ಟು ಮೆತ್ತಗಿರಬಾರ್ದು."

ಇನ್ನು ಮೆತ್ತಗಾಗುವುದಿಲ್ಲ ಎಂದು ಮಾತು ಕೊಟ್ಟೆ, ಆಮೇಲೆ ತಪ್ಪಲಿಲ್ಲ.

ಇಷ್ಟಾದ ಮೇಲೆ ನನ್ನ ವಿಷಯ ಉಳಿದಿತ್ತು. ನೌಕರಿ ಹೋಯಿತು ಎಂದುಕೊಂಡೇ ತಪಾಸಣೆಯ ಪುಸ್ತಕ ತರಲು ಒಳಗೆ ಹೋದೆ. ಹುಡುಕಿ ತರುವಷ್ಟರಲ್ಲಿ ಅಂಗಳದಲ್ಲಿ ಕೇಕೆ ಎದ್ದಿತ್ತು. ಏನೆಂದು ಬಗ್ಗಿ ನೋಡುವುದು ಸಭ್ಯತೆಯಲ್ಲ ಎಂದು ನಾನು ಸ್ವಲ್ಪ ಹೊತ್ತು ಬಾಗಿಲ ಮರೆಯಲ್ಲೇ ನಿಂತೆ. ಹೊರಗೆ ಬಂದಾಗ ಇನ್‌ಸ್ಪೆಕ್ಟ್ರೆಸ್ ನೆಟ್ಟಗೆ ನಿಂತಿದ್ದರು, ತುರುಬಿನಲ್ಲಿ ಒಂದು ಬೇವಿನ ಎಲೆ. ಪುಸ್ತಕ ತೆಗೆದುಕೊಂಡು, ಮುಖದ ಒಂದು ಗೆರೆಯೂ ಅಲುಗದಂತೆ ಬರೆದರು:

"ಶಿಸ್ತು ತೃಪ್ತಿಕರ. ಹಗ್ಗ ಗಟ್ಟಿ ಇದೆ. ಸ್ವತಃ ಕುಳಿತು, ಎರಡು ಸಲ ಪರೀಕ್ಷಿಸಿದ್ದೇನೆ."