ಛಲೋ ಅಭ್ಯಾಸ, ಜೋರು ಖೋ

ನಮ್ಮ ಬಳಗದಲ್ಲಿ ಯಾವ ಮಗು ಹೈಸ್ಕೂಲಿನ ಮೆಟ್ಟಿಲು ಹತ್ತಿದರೂ, ಅದನ್ನು ಹಾದಿಗೆ ಹಚ್ಚುವ ಕೆಲಸ ತಾನಾಗಿಯೇ ನನ್ನ ಹೆಗಲಿಗೆ ಬಂದು ಬೀಳುತ್ತದೆ. ಯಾರೂ ಕರೆದಿರುವುದಿಲ್ಲ, ಆ ಮಾತು ಬೇರೆ. ಮಹಾಲಿಂಗಪುರದ ಪೇಟೆಯಲ್ಲಿ ಬೆಲ್ಲದ ದಲಾಲಿ ಮಾಡುವವನು ನಾನು. ಬೆಲ್ಲದ ಪೆಂಟಿ, ಅಂದರೆ ದೊಡ್ಡ ಅಚ್ಚು, ನೋಡಿದ ಕೂಡಲೇ ಯಾವ ಹೊಲದ ಕಬ್ಬು, ಆ ಹೊಲದವನ ಹೆಂಡತಿ ಯಾವ ಊರವಳು ಎಂದು ಹೇಳಬಲ್ಲೆ. ಅಂಥವನಿಗೆ ಮಕ್ಕಳನ್ನು ತಿದ್ದುವುದೇನು ದೊಡ್ಡ ಮಾತು?

ಈ ಸಲದ ಸರದಿ ಬನಹಟ್ಟಿಯ ನನ್ನ ಅಣ್ಣನ ಮಗಳದು. ಒಂಬತ್ತನೇ ಇಯತ್ತೆ. ಖೋ-ಖೋ ಎಂದರೆ ಊಟ ಬಿಡುವವಳು, ಗಣಿತ ಎಂದರೆ ಊರೇ ಬಿಡುವವಳು. ಒಂದು ಸಂಜೆ ಫೋನಿನಲ್ಲಿ ಅಳು.

"ಕಾಕಾ, ಸಾಲಿ ಟೀಮಿನ್ಯಾಗ ನನ್ನ ಹೆಸರ ಬಂದೈತಿ. ಅಪ್ಪ ಬಿಡವಲ್ಲ. 'ಮೊದಲ ಛಲೋ ಅಭ್ಯಾಸ, ಆಮ್ಯಾಲ ಖೋ-ಖೋ. ಗಣಿತ ಪಾಸಾಗಲಿಲ್ಲಂದ್ರ ಆಟ ಬಂದ್' ಅಂದಾನ. ನೀ ಏನರೆ ಮಾಡು."

ಛಲೋ ಅಭ್ಯಾಸ ತಾನೆ? ನನ್ನ ಹತ್ತಿರ ಇರುವುದೆಲ್ಲ ಅದೇ. ಮರುದಿನವೇ ಬನಹಟ್ಟಿ ಬಸ್ಸು ಹತ್ತಿದೆ.

ಬೆಳಗಾಗೆದ್ದು

ಮೊದಲ ಪಾಠ, ಬೇಗ ಏಳುವುದು. ಅಣ್ಣನ ಮನೆಗೆ ಹೊಂದಿಕೊಂಡೇ ಕರೆಂಟಿನ ಮಗ್ಗದ ಶೆಡ್ಡು. ಹಗಲೂ ರಾತ್ರಿ ಖಟಕ್-ಪಟಕ್. ಆ ಸದ್ದಿನಲ್ಲಿ ಹುಟ್ಟಿ ಬೆಳೆದ ಹುಡುಗಿಗೆ ಅಲಾರಾಮು ಯಾವ ಲೆಕ್ಕ? ಕಿವಿಯ ಪಕ್ಕ ಇಟ್ಟೆ, ತಲೆದಿಂಬಿನೊಳಗೆ ಇಟ್ಟೆ, ಸ್ಟೀಲಿನ ತಟ್ಟೆಯ ಮೇಲೂ ಇಟ್ಟೆ. ಅದು ಬಡಕೊಂಡು ಬಡಕೊಂಡು ತಾನೇ ಸುಸ್ತಾಯಿತು.

ಆಗ ನನ್ನ ತಲೆ ಓಡಿತು. ಮಗ್ಗದ ಮನೆಯವರಿಗೆ ಸದ್ದೇ ಜೋಗುಳ. ಅವರನ್ನು ಎಬ್ಬಿಸಬೇಕೆಂದರೆ ಸದ್ದು ಮಾಡಬಾರದು, ನಿಲ್ಲಿಸಬೇಕು! ನಸುಕಿನಲ್ಲಿ ಎದ್ದು ಮನೆ-ಶೆಡ್ಡು ಎರಡಕ್ಕೂ ಸೇರಿದ ಮೇನ್ ಸ್ವಿಚ್ಚು ಕೆಳಗೆಳೆದೆ.

ಮಗ್ಗಗಳು ಗಪ್ ಎಂದವು. ಆ ಕ್ಷಣಕ್ಕೆ ಅಣ್ಣ ಧೋತರ ಸುತ್ತಿಕೊಳ್ಳುತ್ತ "ಏನಾತಲೇ!" ಎಂದು ಹೊರಗೆ ಜಿಗಿದ. ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಎದ್ದಳು. ಮಗ್ಗ ನಡೆಸುವವರು ಹೊರಗೆ ಬಂದು ಕಂಬ ನೋಡತೊಡಗಿದರು. ಯಾರಾದರೂ ಸತ್ತರಷ್ಟೇ ಮಗ್ಗ ನಿಲ್ಲುವುದನ್ನು ಕಂಡಿದ್ದ ಎದುರುಮನೆಯ ಮುದುಕಿ ಬಾಗಿಲು ತೆರೆದು, "ಯಾರ್ ಹೋದ್ರಬೇ?" ಎಂದು ಕೇಳಿದಳು. ಕೊನೆಗೆ ನನ್ನ ಶಿಷ್ಯೆಯೂ ಕಣ್ಣು ಬಿಟ್ಟಳು. ಗೆದ್ದೆ ಅಂದುಕೊಂಡೆ.

"ಕಾಕಾ, ಕರೆಂಟ್ ಹೋತೇನ?"

"ಹೂಂ, ಹೋತು. ಏಳು, ಓದಾಕ ಕುಂಡರು."

"ಕರೆಂಟಿಲ್ಲದ ಹೆಂಗ ಓದ್ಲಿ?" ಎಂದವಳೇ ಮಗ್ಗುಲು ಬದಲಿಸಿದಳು.

ಮಾಸ್ತರರ ಮುಂದೆ

ಪಾಲಕರ ಸಭೆ ಬಂತು. ಅವತ್ತು ಅಣ್ಣನ ಶೆಡ್ಡಿಗೆ ನೂಲಿನ ಗಾಡಿ ಬರುವುದಿತ್ತು. "ನೀನ ಹೋಗಿ ಬಾರಲೇ" ಎಂದ. ನಾನು ಇಸ್ತ್ರಿ ಅಂಗಿ ಹಾಕಿಕೊಂಡು ಮೊದಲ ಸಾಲಿನಲ್ಲೇ ಕುಳಿತೆ. ಗಣಿತದ ಮಾಸ್ತರರು ಕೇಳಿದರು, "ಮನ್ಯಾಗ ಹುಡುಗೀದು ಅಭ್ಯಾಸ ಹೆಂಗ ನಡದೈತ್ರಿ?"

ಇದಕ್ಕಾಗಿಯೇ ಕಾದಿದ್ದೆ. ಎದ್ದು ನಿಂತೇ ಹೇಳಿದೆ. "ಏನ್ ಕೇಳ್ತೀರಿ ಸರ್! ಎರಡ ಹೊತ್ತು ಹಲ್ಲ ತಿಕ್ಕತಾಳ. ಉಗುರ ಕತ್ತರಸ್ತಾಳ. ಹಿರ್ಯಾರು ಬಂದ್ರ ಎದ್ದ ನಿಂದರ್ತಾಳ. ತಾಟಿನ್ಯಾಗ ಒಂದ ಅಗಳ ಬಿಡೂದಿಲ್ಲ. ಎಲ್ಲಾ ನಾ ಹಚ್ಚಿದ ಅಭ್ಯಾಸ!"

ಮಾಸ್ತರರು ಕನ್ನಡಕ ತೆಗೆದು ಒರೆಸಿದರು. "ಅಲ್ರೀ, ಓದೋ ಅಭ್ಯಾಸ ಕೇಳಿದೆ ನಾನು. ಗಣಿತದ್ದು."

ಆಗ ಹೊಳೆಯಿತು ನನಗೆ. ಅಣ್ಣ ಅಂದ ಅಭ್ಯಾಸವೂ ಇದೇ! ಇಷ್ಟು ದಿನ ನಾನು ಹುಡುಗಿಗೆ ಹಲ್ಲು ತಿಕ್ಕಿಸಿದ್ದೇ ತಿಕ್ಕಿಸಿದ್ದು. ಆದರೆ ದಲಾಲಿ ಮಾಡುವವನು ನಡುಪೇಟೆಯಲ್ಲಿ ಮಾತು ಸೋಲಬಾರದು.

"ಗಣಿತದ ಪುಸ್ತಕಾ ಮುಟ್ಟೂಕಿಂತ ಮೊದಲೂ ಕೈ ತೊಳಿತಾಳ್ರಿ ಸರ್."

"ತೊಳದ ಮ್ಯಾಲ ಮುಟ್ಟತಾಳೇನ್ರಿ?" ಎಂದರು ಮಾಸ್ತರರು.

ಕೈ ಎತ್ತುವ ಪಾಠ

ಅಂದಿನಿಂದ ಪದ್ಧತಿ ಬದಲಿಸಿದೆ. "ನೋಡವಾ, ಹೈಸ್ಕೂಲ್ ಅಂದ್ರ ಕೇಳಿ ಕಲಿಯೂ ವಯಸ್ಸು. ತಿಳೀಲಿಲ್ಲಂದ್ರ ಕೈ ಎತ್ತು. ನಾಚಬ್ಯಾಡ. ನಾ ಎತ್ತಿದ ಕೈ ಇಳಿಸಿದಾವ ಅಲ್ಲ" ಎಂದೆ. ಶಿಕ್ಷೆಯೆಂದು ನನ್ನ ಕೈ ಎತ್ತಿಸಿ ಗೋಡೆಗೆ ನಿಲ್ಲಿಸುತ್ತಿದ್ದವರು ನಮ್ಮ ಕಾಲದ ಮಾಸ್ತರರು. ಆ ವಿವರ ಅವಳಿಗೆ ಯಾಕೆ?

ಹುಡುಗಿ ಈ ಮಾತನ್ನು ಗಟ್ಟಿಯಾಗಿ ಹಿಡಿದಳು. ತರಗತಿಯಲ್ಲಿ ಕೈ ಎತ್ತಿ ಎತ್ತಿ, ಗಣಿತದ ಮಾಸ್ತರರು ಒಂದೊಂದು ಲೆಕ್ಕವನ್ನೂ ಮೂರು ಬಗೆಯಲ್ಲಿ ಬಿಡಿಸುವ ಹಾಗೆ ಮಾಡಿದಳು.

ಆ ಹೊತ್ತಿಗೇ ಶಾಲೆಯವರು ಕೃಷ್ಣಾ ನದಿಗೆ ಕಟ್ಟಿದ ಚಿಕ್ಕಪಡಸಲಗಿ ಬ್ಯಾರೇಜು ತೋರಿಸಲು ಮಕ್ಕಳನ್ನು ಕರೆದೊಯ್ದರು. ಜೊತೆಗೆ ಹಿರಿಯರೊಬ್ಬರು ಬೇಕಿತ್ತು. ಹಿರಿಯ ಅಂದರೆ ಮತ್ತೆ ನಾನೇ. ಗಣಿತದ ಮಾಸ್ತರರು, "ಇದನ್ನ ರೈತರ ಕೂಡಿ ಕಟ್ಯಾರ" ಎಂದು ಹೇಳುತ್ತಿದ್ದರು. ಕೃಷ್ಣೆಯ ಗಾಳಿ ತಲೆಗೇರಿತೋ ಏನೋ, ನಾನು ನಡುವೆ ಬಾಯಿ ಹಾಕಿದೆ. "ಆವಾಗ ನಾನೂ ಹೈಸ್ಕೂಲ್ ಹುಡುಗ. ನಾಕ ಮಂದಿಗೆ ಅಲುಗಾಡದ ಕಲ್ಲು, ನಾ ಒಬ್ಬನ ಹೊತ್ತು ತಂದ ಇಟ್ಟೆ."

ಮಕ್ಕಳೆಲ್ಲ ಬಾಯಿ ತೆರೆದು ನಿಂತರು. ಒಂದು ಕೈ ಮಾತ್ರ ಮೇಲೆದ್ದಿತು.

"ಕಾಕಾ, ತಿಳೀಲಿಲ್ಲ. ಯಾವ ಕಲ್ಲು?"

"ಅದು... ಅಲ್ಲಿ, ನೀರಿನ ಕೆಳಗ."

ಮತ್ತೆ ಕೈ. "ಕಾಕಾ, ಮೊನ್ನಿ ಬೆಲ್ಲದ ಪೆಂಟಿ ಎತ್ತಾಕ ಹೋಗಿ ಸೊಂಟ ಹಿಡಕೊಂಡ ಕುಂತಿದ್ದೆಲ್ಲ?"

ಮಾಸ್ತರರು ಸಂತೋಷದಿಂದ, "ಪ್ರಶ್ನೆ ಕೇಳೂ ಅಭ್ಯಾಸ ಭಾಳ ಛಲೋ ಐತ್ರಿ. ಯಾರ ಹಚ್ಚಿದ್ದು?" ಎಂದರು.

"ನಾನ ಹಚ್ಚಿದ್ದು ಸರ್" ಎಂದೆ. "ಈಗ ಹೆಂಗ ಬಿಡಸೂದು, ಅದನ್ನ ಹೇಳ್ರಿ."

ಖೋ

ಕೈ ಎತ್ತಿದ್ದು ವ್ಯರ್ಥವಾಗಲಿಲ್ಲ. ಗಣಿತ ಪಾಸು. ಅಣ್ಣ ಮಾತಿಗೆ ತಪ್ಪುವವನಲ್ಲ, ಆದರೆ ಮಾತಿಗೆ ಬಾಲ ಅಂಟಿಸುವವನು. "ಈ ವರ್ಷ ಆಡು. ಮುಂದಿನ ವರ್ಷ ಹತ್ತನೇದು, ಆಟ ಪೂರಾ ಬಂದ್" ಎಂದುಬಿಟ್ಟ. ಹುಡುಗಿಯ ಮುಖ ಸಣ್ಣದಾಯಿತು. ನಾನು, "ನೀ ಒಂದ ಸಲ ಆಕಿ ಆಡೂದ ನೋಡ, ಆಮ್ಯಾಲ ಬಂದ್ ಮಾಡೀಯಂತ" ಎಂದು ಅಣ್ಣನನ್ನು ಪಂದ್ಯವಿದ್ದ ಜಮಖಂಡಿಗೆ ಎಳೆದುಕೊಂಡು ಹೋದೆ.

ಮೈದಾನದಲ್ಲಿ ಎದುರಿಗೆ ಮುಧೋಳ ಕಡೆಯ ತಂಡ. ಅಣ್ಣ ಮೊದಲು ಕೈಕಟ್ಟಿ ಕುಳಿತಿದ್ದ. ಆಮೇಲೆ ಮುಂದಕ್ಕೆ ಬಾಗಿದ. ಕೊನೆಗೆ ಟವೆಲ್ಲು ಬಿದ್ದದ್ದೂ ಗೊತ್ತಾಗದೆ ಎದ್ದು ನಿಂತಿದ್ದ. ಬೆನ್ನಟ್ಟುವ ಸರದಿ ನಮ್ಮವರದು. ಆಟ ಮುಗಿಯಲು ಇನ್ನೇನು ಸ್ವಲ್ಪವೇ ಹೊತ್ತು. ಇನ್ನೊಬ್ಬಳನ್ನು ಔಟ್ ಮಾಡಿದರೆ ಅಂಕ ಸರಿಸಮ, ಸೋಲು ತಪ್ಪಿದಂತೆ. ನಮ್ಮ ಹುಡುಗಿ ಗಾಳಿಯಂತೆ ಓಡಿ ಬರುತ್ತಿದ್ದಾಳೆ. ಸಾಲಿನಲ್ಲಿ ಕುಳಿತ ತನ್ನ ಗೆಳತಿಯ ಬೆನ್ನು ಮುಟ್ಟಿ ಖೋ ಕೊಡಬೇಕು, ಆ ಗೆಳತಿ ಎದ್ದು ಹಿಡಿಯಬೇಕು. ಇನ್ನೂ ನಾಲ್ಕು ಹೆಜ್ಜೆ ಇದೆ.

"ಖೋ!"

ಕೊಟ್ಟವನು ನಮ್ಮ ಅಣ್ಣ! ಜನ್ಮವೆಲ್ಲ ಮಗ್ಗದ ಸದ್ದಿನ ಮೇಲೆ ಮಾತಾಡಿದ ಗಂಟಲು ಅದು. ಸಾಲಿನಲ್ಲಿ ಕುಳಿತ ಹುಡುಗಿ ಬೆಚ್ಚಿಬಿದ್ದು, ಯಾರೂ ಬೆನ್ನು ಮುಟ್ಟುವ ಮೊದಲೇ ಎದ್ದು ಓಡಿದಳು. ಪಂಚರು ಸೀಟಿ ಊದಿದರು. ಫೌಲು. ಅಷ್ಟರಲ್ಲಿ ಎದುರಿನವಳು ತಪ್ಪಿಸಿಕೊಂಡಳು, ಆಟ ಮುಗಿಯಿತು, ನಾವು ಒಂದೇ ಅಂಕದಿಂದ ಸೋತೆವು.

ನಮ್ಮ ಹುಡುಗಿ ಮೈದಾನದ ನಡುವೆಯೇ ಕುಳಿತು ಅತ್ತಳು. ಅಣ್ಣ ಕಂಗಾಲಾಗಿ ಓಡಿಹೋಗಿ ತಲೆ ನೇವರಿಸಿದ. "ಅಳಬ್ಯಾಡ ನನ್ನವ್ವಾ. ತಪ್ಪ ನಂದು. ಮುಂದಿನ ವರ್ಷ ನೀನ ಗೆಲ್ಲತಿ!"

ಸಮಾಧಾನದ ಮಾತೇ. ಆದರೆ ಅದೇ ಗಂಟಲು! ಇಡೀ ಮೈದಾನಕ್ಕೆ ಕೇಳಿತು. ಹುಡುಗಿ ಅಳು ನಿಲ್ಲಿಸಿ ಕೈ ಎತ್ತಿದಳು.

"ಅಪ್ಪಾ, ತಿಳೀಲಿಲ್ಲ. ಮುಂದಿನ ವರ್ಷ ಅಂದೇನ?"

ಅಣ್ಣ ಸುತ್ತ ನೋಡಿದ. ಟೀಮಿನ ಹುಡುಗಿಯರು, ಮಾಸ್ತರರು, ಸೀಟಿ ಹಿಡಿದ ಪಂಚರು, ಎಲ್ಲರೂ ಸಾಕ್ಷಿ. "ಹೂಂ ಅಂದೆ, ಆಡು" ಎಂದ.

ನಾನು ಎದೆ ಉಬ್ಬಿಸಿ, "ಎಲ್ಲಾ ನಾ ಕರಕೊಂಡ ಬಂದದ್ದಕ್ಕ ಆತು" ಎಂದು ನಾಲ್ಕು ಜನಕ್ಕೆ ಹೇಳಿದೆ. ಅಷ್ಟರಲ್ಲಿ ಆಟದ ಬಾಯಿಯವರು, ಅಂದರೆ ಖೋ-ಖೋ ಕಲಿಸುವ ಟೀಚರು, ಕೈಮುಗಿದುಕೊಂಡು ಅಣ್ಣನ ಹತ್ತಿರ ಬಂದರು.

"ಮುಂದಿನ ವರ್ಷ ಮಗಳನ್ನ ಖಂಡಿತ ಕಳಸ್ರಿ. ನೀವೂ ಬರ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ಬಾಯಿ ಮಾತ್ರ ಮನ್ಯಾಗ ಬಿಟ್ಟ ಬರ್ರಿ."

"ಆತ್ರಿ" ಎಂದ ಅಣ್ಣ, ನನ್ನ ಕಡೆ ಬೊಟ್ಟು ಮಾಡಿ. "ಇಂವನ್ನ ಬಿಟ್ಟ ಬರ್ತೇನಿ."